ಅನ್ನವೂ ಬೇಡ, ಬೆಲ್ಲವೂ ಬೇಡ: ಮನೆಯಲ್ಲಿ ಥಾಯ್ ಗ್ರೀನ್ ಕರಿ

ಥಾಯ್ ಊಟದಲ್ಲಿ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ-ಸಕ್ಕರೆ ಅಂಶ) ಹೆಚ್ಚಾಗಿ ಅಡಗಿರುವುದು ಮೂರು ಕಡೆ: ಪಕ್ಕದಲ್ಲಿ ಬಡಿಸುವ ಅನ್ನ ಅಥವಾ ನೂಡಲ್ಸ್, ಅಡುಗೆಗೆ ಬೀಳುವ ತಾಳೆಬೆಲ್ಲ, ಮತ್ತೆ ಬಾಟಲಿ ಸಾಸ್‌ಗಳು. ಮಸಾಲೆ, ತೆಂಗಿನಹಾಲು, ಫಿಶ್ ಸಾಸ್, ನಿಂಬೆಹುಳಿ ಇವುಗಳಿಂದ ಹೆಚ್ಚೇನೂ ಬರುವುದಿಲ್ಲ. ಹಾಗಾಗಿ ಕಾರ್ಬ್ ಇಳಿಸಲು ರುಚಿ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಬೆಲ್ಲ ತೆಗೆದ ಮೇಲೆ ಮಸಾಲೆಯ ತಪ್ಪುಗಳನ್ನು ಮುಚ್ಚಲು ಏನೂ ಉಳಿಯುವುದಿಲ್ಲ. ಅರೆಯುವುದು, ಹುರಿಯುವುದು ಎರಡೂ ಸರಿಯಾಗಿರಬೇಕು.

ಬೆಲ್ಲ ಆರೋಗ್ಯಕರ, ಸಕ್ಕರೆ ಮಾತ್ರ ಕೆಟ್ಟದ್ದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 10 ಗ್ರಾಂ ಬೆಲ್ಲದಲ್ಲಿ ಸುಮಾರು 9 ಗ್ರಾಂ ಕಾರ್ಬ್ ಇರುತ್ತದೆ. ಹುಣಸೆಹಣ್ಣಿನ ತಿರುಳಿನಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೇ. ಹುಳಿಗೆ ನಿಂಬೆಹಣ್ಣು ಸಾಕು. ಸ್ವೀಟ್ ಚಿಲ್ಲಿ ಸಾಸ್, ಹೋಯ್ಸಿನ್, ಆಯ್ಸ್ಟರ್ ಸಾಸ್ ಕೊಳ್ಳುವ ಮುನ್ನ ಬಾಟಲಿಯ ಹಿಂಬದಿಯ ಪಟ್ಟಿ ಓದಿ. ಮೊದಲ ಮೂರು ಪದಾರ್ಥಗಳಲ್ಲಿ ಸಕ್ಕರೆ ಕಂಡರೆ ಅಲ್ಲೇ ಇಟ್ಟುಬನ್ನಿ.

ಸಾಮಾನು ಎಲ್ಲಿ, ಯಾವ ಹೆಸರಲ್ಲಿ

ಥಾಯ್ ಸಾಮಾನು ಎಂದರೆ ದುಬಾರಿ ಸೂಪರ್ ಮಾರ್ಕೆಟ್ಟಿನ ಸಾಮಾನು ಎಂಬ ಭಾವನೆಯಿದೆ. ಅರ್ಧದಷ್ಟು ನಮ್ಮ ಸಂತೆಯಲ್ಲೇ ಬೇರೆ ಹೆಸರಿನಲ್ಲಿ ಕೂತಿದೆ. ಥಾಯ್ ಅಡುಗೆಯ ಪುಟ್ಟ ಬಟಾಣಿ ಬದನೆ ನಮ್ಮ ಸುಂಡೆಕಾಯಿಯೇ. ಅವರ ಚಿಕ್ಕ ಖಾರದ ಮೆಣಸಿಗೆ ನಮ್ಮ ಸೂಜಿ ಮೆಣಸು ಹೊಂದುತ್ತದೆ. ಅಲ್ಲಿಯ ಶಾಲಟ್ ಬದಲಿಗೆ ಸಾಂಬಾರ್ ಈರುಳ್ಳಿ. ನಿಂಬೆ ಹುಲ್ಲು ನಮ್ಮ ಮಜ್ಜಿಗೆ ಹುಲ್ಲು. ಮನೆಯ ಕುಂಡದಲ್ಲಿ ಬೆಳೆಸಿದ್ದರೆ ಎಲೆ ಚಹಾಕ್ಕಿರಲಿ, ಮಸಾಲೆಗೆ ಬೇಕಾದ್ದು ಬುಡದ 8 ಸೆಂ.ಮೀ. ಬಿಳಿ ಭಾಗ ಮಾತ್ರ.

ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಸೊಪ್ಪಿನವರ ಬಳಿ ಕೊತ್ತಂಬರಿ ಕಟ್ಟು ಬೇರು ಸಮೇತ ಸಿಗುತ್ತದೆ. ಗ್ರೀನ್ ಕರಿಗೆ ಆ ಬೇರೇ ಮುಖ್ಯ, ನಾವು ಕಸಕ್ಕೆ ಹಾಕುವುದು ಅದನ್ನೇ. ಮಣ್ಣು ತೊಳೆದು, ಚಾಕುವಿನಿಂದ ಕೆರೆದು ಬಳಸಿ.

ಸಿಗುವುದು ಕಷ್ಟವಾದವು ಎರಡು. ಶುಂಠಿ ಜಾತಿಯ ಗಲಾಂಗಲ್ ಹಸಿ ಗಡ್ಡೆ ಆನ್‌ಲೈನ್‌ನಲ್ಲಿ, ದೊಡ್ಡ ತರಕಾರಿ ಅಂಗಡಿಗಳಲ್ಲಿ ಹುಡುಕಬೇಕು. ಸಿಗದಿದ್ದರೆ ಅರ್ಧ ಪ್ರಮಾಣದ ಶುಂಠಿ ಹಾಕಿ, ಆದರೆ ಪರಿಮಳ ಬೇರೆಯೇ ಆಗುತ್ತದೆ ಎಂದು ತಿಳಿದಿರಿ. ಮಾವಿನ ಶುಂಠಿ ಮಾತ್ರ ಬೇಡ, ಇಡೀ ಕರಿ ಉಪ್ಪಿನಕಾಯಿ ವಾಸನೆ ಹೊಡೆಯುತ್ತದೆ. ಇನ್ನೊಂದು, ಥಾಯ್ ಅಡುಗೆಯ ಪರಿಮಳದ ಮಕ್ರೂಟ್ ನಿಂಬೆಯ ಎಲೆ. ಅದು ಇಲ್ಲದಿದ್ದರೆ ಹೇರಳೆಕಾಯಿ ಗಿಡದ ಎಳೆಯ ಎಲೆ ಒಂದು ಮಟ್ಟಿಗೆ ನಡೆಯುತ್ತದೆ.

ಮಸಾಲೆ, ನಾಲ್ಕು ಜನಕ್ಕೆ

ಹಸಿಮೆಣಸಿನಕಾಯಿ 6, ಸೂಜಿ ಮೆಣಸು 6, ಮಜ್ಜಿಗೆ ಹುಲ್ಲಿನ ಬುಡ 2, ಗಲಾಂಗಲ್ 15 ಗ್ರಾಂ, ಕೊತ್ತಂಬರಿ ಬೇರು 5, ಸಾಂಬಾರ್ ಈರುಳ್ಳಿ 8, ಬೆಳ್ಳುಳ್ಳಿ 8 ಎಸಳು, ನಿಂಬೆಯ ಹಸಿರು ಸಿಪ್ಪೆಯ ತುರಿ ಅರ್ಧ ಟೀ ಚಮಚ, ಹುರಿದ ಕೊತ್ತಂಬರಿ ಬೀಜ 1 ಟೀ ಚಮಚ, ಹುರಿದ ಜೀರಿಗೆ ಅರ್ಧ ಟೀ ಚಮಚ, ಕಾಳುಮೆಣಸು 10, ಉಪ್ಪು 1 ಟೀ ಚಮಚ. ಸೀಗಡಿ ತಿನ್ನುವವರು ಒಣ ಸೀಗಡಿ 1 ಚಮಚ ಹುರಿದು ಪುಡಿ ಮಾಡಿ ಸೇರಿಸಿ. ಇಷ್ಟು ಈರುಳ್ಳಿಯಿಂದ ತಲೆಗೆ 2-3 ಗ್ರಾಂ ಕಾರ್ಬ್ ಬರುತ್ತದೆ. ಅದನ್ನು ಕಡಿತ ಮಾಡಬೇಡಿ, ಬೆಲ್ಲ ಬಿಟ್ಟಮೇಲೆ ಸಿಹಿ ಬರಬೇಕಾದದ್ದು ಇಲ್ಲಿಂದಲೇ.

ಒರಳಿನಲ್ಲಾದರೆ ಒಣ ಕಾಳು, ಆಮೇಲೆ ಉಪ್ಪಿನ ಜೊತೆ ಮಜ್ಜಿಗೆ ಹುಲ್ಲು, ಗಲಾಂಗಲ್, ಬೇರು, ಕೊನೆಗೆ ಮೆಣಸು, ಈರುಳ್ಳಿ, ಬೆಳ್ಳುಳ್ಳಿ. ನಾರಿನದ್ದು ಮೊದಲು, ನೀರಿನದ್ದು ಕೊನೆಗೆ. ತಿರುಗಾಮುರುಗಾ ಆದರೆ ಈರುಳ್ಳಿ ರಸದಲ್ಲಿ ನಾರು ಜಾರುತ್ತಲೇ ಇರುತ್ತದೆ, ಅರೆಯುವುದಿಲ್ಲ. ಮಿಕ್ಸಿಗೆ ಹಾಕುವವರು ಹುಲ್ಲನ್ನು ಅಡ್ಡಕ್ಕೆ ಕಾಗದದಷ್ಟು ತೆಳ್ಳಗೆ ಕತ್ತರಿಸಲೇಬೇಕು. ನೀರು ಹಾಕಬೇಡಿ, ತಿರುಗದಿದ್ದರೆ ಒಂದೆರಡು ಚಮಚ ದಪ್ಪ ತೆಂಗಿನಹಾಲು ಹಾಕಿ. ನೀರು ಹಾಕಿದ ಮಸಾಲೆ ಎಣ್ಣೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ. ಹಸಿವಾಸನೆ ಊಟದ ಕೊನೆಯವರೆಗೂ ಹೋಗುವುದಿಲ್ಲ.

ಹಾಲು ಒಡೆಯಬೇಕು

ನಮ್ಮ ಅಡುಗೆಯಲ್ಲಿ ತೆಂಗಿನಹಾಲು ಒಡೆದರೆ ಕೆಟ್ಟಿತು ಎನ್ನುತ್ತೇವೆ. ಇಲ್ಲಿ ಅದು ಒಡೆಯಲೇಬೇಕು. ಒಂದು ದೊಡ್ಡ ಕಾಯಿ ತುರಿದು, 200 ಮಿಲಿ ಬೆಚ್ಚನೆ ನೀರಿನಲ್ಲಿ ರುಬ್ಬಿ ಮೊದಲ ಹಾಲು ತೆಗೆಯಿರಿ, ಮತ್ತೆ 300 ಮಿಲಿ ನೀರಿನಲ್ಲಿ ಎರಡನೆಯದು. ಮೊದಲ ಹಾಲನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಕೆನೆ ಮೇಲೆ ಕಟ್ಟುತ್ತದೆ.

ಆ ಕೆನೆ ಸುಮಾರು 150 ಮಿಲಿ ದಪ್ಪ ತಳದ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಿರಿ. 6-8 ನಿಮಿಷದಲ್ಲಿ ಎಣ್ಣೆ ಅಂಚಿಗೆ ಬಿಟ್ಟುಕೊಳ್ಳುತ್ತದೆ, ಸಳಸಳ ಸದ್ದು ಚಟಪಟಕ್ಕೆ ತಿರುಗುತ್ತದೆ. ಆಗ ಮಸಾಲೆ ಹಾಕಿ 5 ನಿಮಿಷ ಹುರಿಯಿರಿ. ಪೆಟ್ಟಿಗೆಯ ತೆಂಗಿನಹಾಲು ಎಷ್ಟು ಕುದಿಸಿದರೂ ಒಡೆಯದೇ ಇರಬಹುದು. ಒಡೆಯದಂತೆ ತಡೆಯುವ ಪದಾರ್ಥ ಅದರಲ್ಲಿ ಸೇರಿಸಿರುತ್ತಾರೆ. ಅದರ ಮುಂದೆ ನಿಂತು ಗ್ಯಾಸ್ ಸುಡಬೇಡಿ, 1 ದೊಡ್ಡ ಚಮಚ ತೆಂಗಿನೆಣ್ಣೆ ಹಾಕಿ ಅದರಲ್ಲೇ ಮಸಾಲೆ ಹುರಿದುಬಿಡಿ.

ಮೂಳೆ ತೆಗೆದ ಕೋಳಿ ತೊಡೆ 500 ಗ್ರಾಂ ಹಾಕಿ ಹೊರಳಿಸಿ, ಎರಡನೆಯ ಹಾಲು, 1 ದೊಡ್ಡ ಚಮಚ ಫಿಶ್ ಸಾಸ್, ಹರಿದ ಮಕ್ರೂಟ್ ನಿಂಬೆ ಎಲೆ 4, ಜಜ್ಜಿದ ಸುಂಡೆಕಾಯಿ ಒಂದು ಹಿಡಿ, ನಾಲ್ಕು ಸೀಳು ಮಾಡಿದ ಹಸಿರು ಬದನೆ 5 ಹಾಕಿ. ಮುಚ್ಚದೆ 12 ನಿಮಿಷ ಬೇಯಿಸಿ, ಉಳಿದ ಮೊದಲ ಹಾಲು ಸೇರಿಸಿ ಒಂದು ಕುದಿ ಬಂದೊಡನೆ ಇಳಿಸಿ. ಮೇಲೆ ಕಾಮಕಸ್ತೂರಿ ಎಲೆ ಒಂದು ಹಿಡಿ. ಹುಳಿ ಬೇಕೆನಿಸಿದರೆ ನಿಂಬೆರಸ ಒಲೆ ಆರಿಸಿದ ಮೇಲೆಯೇ, ಕುದಿಸಿದ ರಸ ಕಹಿಯಾಗುತ್ತದೆ. ಮಾಂಸಾಹಾರ ಬೇಡದವರು ಗಟ್ಟಿ ತೋಫು, ಅಣಬೆ ಹಾಕಿ, ಫಿಶ್ ಸಾಸ್ ಬದಲು ಲೈಟ್ ಸೋಯಾ ಸಾಸ್ ಬಳಸಲಿ. ಒಂದು ದೊಡ್ಡ ಚಮಚ ಫಿಶ್ ಸಾಸ್‌ನಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇದೆ. ಬಿಪಿ ಇರುವವರು ಮಸಾಲೆಯ ಉಪ್ಪನ್ನು ಕಡಿಮೆ ಮಾಡಬೇಕು.

ಅನ್ನದ ಜಾಗಕ್ಕೆ

ಬೇಯಿಸಿದ ಅನ್ನ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಕಾರ್ಬ್, ಅಷ್ಟೇ ಹೂಕೋಸಿನಲ್ಲಿ ಸುಮಾರು 5 ಗ್ರಾಂ, ಅದರಲ್ಲೂ 2 ಗ್ರಾಂ ನಾರು. ಹೂಕೋಸಿನ ಅನ್ನ (ಅನ್ನದ ಅಗುಳಿನಷ್ಟು ಸಣ್ಣಗೆ ತುರಿದು ಹುರಿದ ಹೂಕೋಸು) ಬಹುಪಾಲು ಮನೆಗಳಲ್ಲಿ ಮುದ್ದೆಯಾಗುವುದಕ್ಕೆ ಕಾರಣ ಹುಳ ತೆಗೆಯಲು ಅರಿಶಿನ-ಉಪ್ಪು ನೀರಿನಲ್ಲಿ ನೆನೆಸಿ, ಹಸಿಯಾಗಿಯೇ ತುರಿಯುವುದು. ನೆನೆಸಿದ ಮೇಲೆ ಬಟ್ಟೆಯ ಮೇಲೆ ಹರಡಿ ಒಂದು ಗಂಟೆ ಒಣಗಿಸಿ. ಮಿಕ್ಸಿಯಲ್ಲಾದರೆ ಜಾರ್ ಕಾಲು ಭಾಗ ಮಾತ್ರ ತುಂಬಿ, ಒಂದೊಂದೇ ಸೆಕೆಂಡ್ ಆರೇಳು ಸಲ. ಅಗಲ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಜೋರು ಉರಿ, 4 ನಿಮಿಷ. ಮುಚ್ಚಳ ಬೇಡ, ಮುಚ್ಚಿದರೆ ಆವಿಯಲ್ಲಿ ಬೆಂದು ಕೋಸಿನ ವಾಸನೆ ಎದ್ದು ಹೊಡೆಯುತ್ತದೆ. ಉಪ್ಪು ಇಳಿಸುವಾಗ. ಕೋಸಿನ ಗೊಡವೆಯೇ ಬೇಡವೆಂದರೆ ಪರಂಗಿಕಾಯಿಯನ್ನು ಎಳೆ ಎಳೆಯಾಗಿ ತುರಿದು, ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ ಹಿಂಡಿದರೆ ನೂಡಲ್ಸ್‌ನ ಕೆಲಸ ಮಾಡುತ್ತದೆ. ನಮ್ಮ ಮಟ್ಟಿಗೆ ಕರಿಗೆ ಇದೇ ಮೇಲು.

ಸಂಜೆ ಇಪ್ಪತ್ತು ನಿಮಿಷ ಮಾತ್ರ ಇದ್ದರೆ ಪಾಡ್ ಕ್ರಪಾವ್ (ತುಳಸಿ ಜಾತಿಯ ಎಲೆ ಹಾಕಿ ಹುರಿದ ಕೈಮಾ) ಮಾಡಿ: ಕೋಳಿ ಕೈಮಾ 300 ಗ್ರಾಂ, ಜಜ್ಜಿದ ಬೆಳ್ಳುಳ್ಳಿ 6, ಸೂಜಿ ಮೆಣಸು 5, ಫಿಶ್ ಸಾಸ್ 1 ದೊಡ್ಡ ಚಮಚ, ಮೇಲೊಂದು ಹುರಿದ ಮೊಟ್ಟೆ. ಮನೆಯ ಒಲೆಯ ಉರಿ ಸಾಲದು, ಆದ್ದರಿಂದ ಕೈಮಾವನ್ನು ಎರಡು ಪಾಲು ಮಾಡಿ ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟು ಸಾರಾಗುತ್ತದೆ. ಇದಕ್ಕೆ ಬೀಳುವ ಎಲೆ ತುಳಸಿಯದೇ ಒಂದು ಬಗೆ. ಕಟ್ಟೆಯ ತುಳಸಿಯನ್ನು ಕೋಳಿಗೆ ಕಿತ್ತರೆ ಅತ್ತೆ ಬಿಟ್ಟಾರೆಯೇ? ಬೇರೆ ಕುಂಡದಲ್ಲಿ ಒಂದು ಗಿಡ ಹಾಕಿಕೊಳ್ಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆ ತೀರಾ ಇಳಿಯಬಹುದು, ಮೊದಲು ವೈದ್ಯರನ್ನು ಕೇಳಿ.

ಮಸಾಲೆಯನ್ನು ಎರಡರಷ್ಟು ಅರೆದು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಡಬ್ಬಿಗೆ ಹಾಕಿಟ್ಟರೆ ಫ್ರೀಜರ್‌ನಲ್ಲಿ ಒಂದು ತಿಂಗಳು ಪರಿಮಳ ಉಳಿಯುತ್ತದೆ. ಡಬ್ಬಿ ಬಿಗಿಯಾಗಿರಲಿ, ಇಲ್ಲವಾದರೆ ಐಸ್‌ಕ್ರೀಮ್ ಕೂಡ ಬೆಳ್ಳುಳ್ಳಿ ನಾರುತ್ತದೆ.