ಅಟ್ಲಾಂಟಕ್ಕೆ ಹೊಸದಾಗಿ ಬಂದವರಿಗೆ: ಯಾವ ಅಡುಗೆಗೆ ಯಾವ ಉಳ್ಳಾಗಡ್ಡಿ

ಎಸ್ಸೆಸ್ಸೆನ್ (ಸೋಶಿಯಲ್ ಸೆಕ್ಯುರಿಟಿ ನಂಬರ್), ಬ್ಯಾಂಕ್ ಖಾತೆ, ಲೈಸೆನ್ಸ್ ವಿಷಯ ನಿಮ್ಮ ಆಫೀಸಿನವರೇ ಹೇಳುತ್ತಾರೆ. ಅಡುಗೆಮನೆಯ ಮಾತು ಯಾರೂ ಹೇಳುವುದಿಲ್ಲ, ಅದಕ್ಕೇ ಇದು.

ಏಪ್ರಿಲ್ ಬಂತೆಂದರೆ ಇಲ್ಲಿನ ಅಂಗಡಿಗಳಲ್ಲಿ ಅಂಗೈ ತುಂಬುವ, ಸ್ವಲ್ಪ ಚಪ್ಪಟೆಯಾದ, ತೆಳು ಹಳದಿ ಸಿಪ್ಪೆಯ ಉಳ್ಳಾಗಡ್ಡಿ ರಾಶಿ ಬೀಳುತ್ತದೆ. ಹೆಸರು ವೈಡೇಲಿಯಾ. 1986ರಲ್ಲಿ ಅಟ್ಲಾಂಟ ಇರುವ ಈ ಜಾರ್ಜಿಯಾ ರಾಜ್ಯ ಕಾನೂನು ಮಾಡಿದ ಮೇಲೆ, ರಾಜ್ಯದ ದಕ್ಷಿಣದಲ್ಲಿ ಗೊತ್ತುಪಡಿಸಿದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಅಲ್ಲಿನ ಮರಳು ಮಣ್ಣಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಗಡ್ಡೆಯಲ್ಲಿ ಘಾಟೂ ಕಡಿಮೆ. ಸಕ್ಕರೆ ವಿಪರೀತ ಇದೆಯೆಂದಲ್ಲ, ಖಾರ ಅಡ್ಡ ಬರದೆ ಇರುವ ಸಿಹಿ ನಾಲಿಗೆಗೆ ತಿಳಿಯುತ್ತದೆ, ಅಷ್ಟೆ. ನೀರಿನಂಶವಂತೂ ಬಹಳ.

ಹಸಿಯಾಗಿ ತಿನ್ನಲು ಇದಕ್ಕಿಂತ ಒಳ್ಳೆಯದಿಲ್ಲ. ಗಿರ್ಮಿಟ್ ಮೇಲೆ ಉದುರಿಸಿ, ಮೊಸರು ಬಜ್ಜಿ ಮಾಡಿ. ಮೊಸರು ಬಜ್ಜಿಗೆ ಉಪ್ಪನ್ನು ಊಟಕ್ಕೆ ಕೂಡುವಾಗಲೇ ಹಾಕಿ, ಇಲ್ಲದಿದ್ದರೆ ಬಟ್ಟಲ ತುಂಬ ನೀರು. ದುಂಡಗೆ ಬಿಲ್ಲೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಕಡಲೆಹಿಟ್ಟನ್ನು ಎಂದಿಗಿಂತ ಗಟ್ಟಿ ಕಲಸಿ ಕರಿದರೆ ಬಜ್ಜಿ ತುಂಬ ಚೆನ್ನಾಗಿ ಬರುತ್ತದೆ.

ಎಣ್ಣೆಗಾಯಿಗೆ, ಹುರಿದು ರುಬ್ಬುವ ಮಸಾಲೆಗೆ ಇದನ್ನು ಬಳಸಬೇಡಿ. ಬಾಣಲೆಗೆ ಬಿದ್ದೊಡನೆ ನೀರು ಬಿಟ್ಟು ಬೇಯುತ್ತದೆ, ಕೆಂಪಾಗಲು ಬಹಳ ಹೊತ್ತು ಬೇಕು, ರುಬ್ಬಿದರೆ ಸಪ್ಪೆ. ಅದಕ್ಕೆ ಮಾಮೂಲಿ ಗಟ್ಟಿ ಹಳದಿ ಉಳ್ಳಾಗಡ್ಡಿಯೇ ಸರಿ. ಸಾಂಬಾರಿಗೆ ಚಿಕ್ಕವು ಬೇಕೆಂದರೆ ಇಂಡಿಯನ್ ಸ್ಟೋರಿನಲ್ಲಿ ಹುಡುಕಿ.

ಅಗ್ಗವೆಂದು ಚೀಲಗಟ್ಟಲೆ ತರಬೇಡಿ. ಊರಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಉಳಿಯುವ ಜಾತಿ ಇದಲ್ಲ. ಒಂದಕ್ಕೊಂದು ತಾಗದಂತೆ ಪೇಪರ್ ಟವೆಲ್ ಸುತ್ತಿ ಫ್ರಿಜ್ಜಿನಲ್ಲಿಡಿ, ಆಲೂಗಡ್ಡೆಯ ಪಕ್ಕ ಬೇಡ.

ಇನ್ನು ಮಕ್ಕಳ ವಿಷಯ. ಜೋಳದ ರೊಟ್ಟಿ ಜೊತೆ ಗುದ್ದಿ ಒಡೆದ ಉಳ್ಳಾಗಡ್ಡಿ ನಮಗೆ ಊಟದ ಅರ್ಧ. ಇಲ್ಲಿ ಹುಟ್ಟಿದವರು ವೈಡೇಲಿಯಾವನ್ನೇ ಉಳ್ಳಾಗಡ್ಡಿ ಎಂದುಕೊಂಡು ಬೆಳೆಯುತ್ತಾರೆ. ಗದಗಕ್ಕೆ ಹೋದಾಗ ನನ್ನ ಮಗಳು ಅಜ್ಜಿ ಕೊಟ್ಟ ಎಸಳು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ತಟ್ಟೆ ಸರಿಸಿಬಿಟ್ಟಳು. ಅಜ್ಜಿ ಏನೂ ಅನ್ನಲಿಲ್ಲ, ಆದರೆ ಮುಖ ಸಣ್ಣದಾಯಿತು. ಒಂದೇ ತಟ್ಟೆಯಲ್ಲಿ ಉಣ್ಣಲಾಗದ ಮೊಮ್ಮಕ್ಕಳು ಎಷ್ಟು ದೂರದವರಾಗುತ್ತಾರೆಂದು ಆಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಈಗ ವಾರಕ್ಕೊಮ್ಮೆ ರೊಟ್ಟಿ ಮಾಡಿದ ದಿನ ಕೆಂಪು ಉಳ್ಳಾಗಡ್ಡಿಯನ್ನೇ ಇಡುತ್ತೇನೆ, ಮೊದಮೊದಲು ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಜೊತೆ. ನಿಮ್ಮ ಮಕ್ಕಳು ಇನ್ನೂ ಚಿಕ್ಕವರಿದ್ದರೆ ಈಗಿನಿಂದಲೇ ರೂಢಿ ಮಾಡಿಸಿ.