ಖರ್ಚಿನ ಪಕ್ಕದಲ್ಲಿ ಗಂಟೆ ಬರೆದೆ: ನನ್ನ ಅನುಭವ

ಬೆಲೆಗಳೆಲ್ಲ ಏರುತ್ತಿರುವಾಗ ಹೆಚ್ಚು ಬಾಡಿಗೆಯ ಮನೆಗೆ ಹೊರಟು ನಿಂತವಳನ್ನು ಯಾರು ತಾನೇ ಮೆಚ್ಚಿಯಾರು? ಅಕ್ಕ ಎರಡು ವಾರ ಫೋನ್ ಮಾಡಲಿಲ್ಲ. ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಹಿರಿಯರೊಬ್ಬರು ಕನ್ನಡಕ ತೆಗೆದು, "ಹಾಸಿಗೆ ಇದ್ದಷ್ಟು ಕಾಲು ಚಾಚಮ್ಮ" ಎಂದರು. ಆ ಗಾದೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಹಾಸಿಗೆ ವರ್ಷಕ್ಕೊಂದು ಗೇಣು ಕುಗ್ಗುತ್ತಿದೆ, ಅದರ ಮೇಲೆ ಮಲಗುವ ಇಬ್ಬರು ಮಕ್ಕಳ ಕಾಲು ಬೆಳೆಯುತ್ತಲೇ ಇದೆ. ಮಡಚಿಕೊಳ್ಳಲು ಉಳಿದಿದ್ದು ನನ್ನ ಮೊಣಕಾಲು ಮಾತ್ರ. ಅದನ್ನೂ ನಾಲ್ಕು ವರ್ಷ ಮಡಚಿ ನೋಡಿದ್ದೆ.

ಈಗ ಈ ಮನೆಗೆ ಬಂದು ಎರಡು ವರ್ಷ ದಾಟಿದೆ. ಕ್ರೆಡಿಟ್ ಕಾರ್ಡಿನ ಸಾಲ ತೀರಿದೆ. ತಿಂಗಳ ಕೊನೆಯಲ್ಲಿ ಯಾರ ಬಳಿಯೂ ಕೈ ಚಾಚಿಲ್ಲ. ಆ ಹಿರಿಯರು ಹೋದ ತಿಂಗಳು ತಾವಾಗಿಯೇ ನನ್ನ ಮೇಜಿನ ಬಳಿ ಬಂದು, "ಅದೇನೋ ಗಂಟೆ ಬರೆಯುತ್ತೀಯಂತಲ್ಲ, ಹೇಗೆ?" ಎಂದು ಕೇಳಿದರು. ಅಷ್ಟರಮಟ್ಟಿಗೆ ನಾನು ಗೆದ್ದಿದ್ದೇನೆ.

ಒಬ್ಬರೇ ದುಡಿದು ಮಕ್ಕಳನ್ನು ಸಾಕುವವರಿಗೆ ಜಮಾಖರ್ಚು ಬರೆಯುವುದನ್ನು ಹೇಳಿಕೊಡಬೇಕಾಗಿಲ್ಲ. ನೇರವಾಗಿ ನನ್ನ ಅಂಕಿಗಳಿಗೆ ಬರುತ್ತೇನೆ. ಸಂಬಳ ಎಷ್ಟೆಂದು ಹೇಳುವುದಿಲ್ಲ, ಅದನ್ನು ನೂರು ಎಂದಿಟ್ಟುಕೊಳ್ಳಿ. ಹಳೆಯ ಮನೆಯಲ್ಲಿದ್ದಾಗ ಬಾಡಿಗೆಗೆ 28, ಶಾಲೆ ಮತ್ತು ಡೇ ಕೇರ್‌ಗೆ 21, ಅಡುಗೆಮನೆಗೆ 22, ಸಾಲದ ಕಂತಿಗೆ 13, ಓಡಾಟಕ್ಕೆ 7, ವಿದ್ಯುತ್ತು, ಗ್ಯಾಸು, ಫೋನು ಸೇರಿ 6. ಇಷ್ಟಕ್ಕೆ 97 ಆಯಿತು. ಆಮೇಲೆ 'ಇತರೆ' ಎಂಬ ಒಂದು ಸಾಲು, ಸುಮಾರು 10. ಒಟ್ಟು 107. ನೂರರಲ್ಲಿ ನೂರಾ ಏಳು ಖರ್ಚು ಮಾಡುವ ವಿದ್ಯೆಯನ್ನು ಕಾರ್ಡು ಕಲಿಸಿತ್ತು. ಕಾರ್ಡಿನವರು ತಿಂಗಳಿಗೆ ಶೇಕಡಾ 3 ಎನ್ನುತ್ತಾರೆ. ನಾನೂ ವರ್ಷಕ್ಕೆ 36 ತಾನೇ ಎಂದುಕೊಂಡಿದ್ದೆ. ಒಂದು ರಾತ್ರಿ ಮಗಳ ಚಕ್ರಬಡ್ಡಿ ಲೆಕ್ಕ ಹೇಳಿಕೊಡುತ್ತಾ ಇದನ್ನೇ ಹಾಕಿ ನೋಡಿದರೆ 42 ದಾಟಿತು. ಲೆಕ್ಕ ತಪ್ಪಾಗಿದೆ ಎಂದು ಅವಳು ಅಳಿಸಿ ಮತ್ತೆ ಮಾಡಿದಳು. ತಪ್ಪಾಗಿರಲಿಲ್ಲ.

ಮೊದಲು ಮಾಡಿದ ಎಡವಟ್ಟುಗಳನ್ನೂ ಹೇಳಿಬಿಡುತ್ತೇನೆ. ಸಗಟು ಖರೀದಿ ಎಲ್ಲರೂ ಕೊಡುವ ಸಲಹೆ. ಹತ್ತು ಕಿಲೋ ಬಟ್ಟೆ ಸೋಪಿನ ಪುಡಿ ತಂದೆ. ಬಚ್ಚಲುಮನೆಯ ತೇವಕ್ಕೆ ಅರ್ಧ ಮೂಟೆ ಕಲ್ಲಾಯಿತು. ಸುತ್ತಿಗೆಯಿಂದ ಒಡೆದು ಒಡೆದು ನಾಲ್ಕು ತಿಂಗಳು ಬಳಸಿದೆವು. ಮಗನಿಗೆ ಎರಡು ವರ್ಷಕ್ಕಾಗಲಿ ಎಂದು ಎರಡು ಅಳತೆ ದೊಡ್ಡ ಪ್ಯಾಂಟು ತಂದರೆ ಅವನು ಉದ್ದಕ್ಕೆ ಮಾತ್ರ ಬೆಳೆದ. ಸೊಂಟ ನಿಲ್ಲಲಿಲ್ಲ, ಕಾಲು ಸಾಲಲಿಲ್ಲ. ಅಗ್ಗದ ಶೂ ಒಂದೇ ವರ್ಷದಲ್ಲಿ ಮೂರು ಜೊತೆ ಹರಿಯಿತು. ಒಳ್ಳೆಯದು ಒಂದೇ ಜೊತೆ ಕೊಂಡಿದ್ದರೆ ಸಾಕಿತ್ತು. ಇದನ್ನು ಗೊತ್ತಿದ್ದೂ ಮಾಡಿದೆ, ಏಕೆಂದರೆ ಒಳ್ಳೆಯ ಜೊತೆಗೆ ಬೇಕಾದ ಹಣ ಒಮ್ಮೆಗೇ ನನ್ನ ಕೈಯಲ್ಲಿ ಎಂದೂ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ರಾತ್ರಿಯ ಹೆಚ್ಚುವರಿ ಕೆಲಸ. ಮಕ್ಕಳು ಮಲಗಿದ ಮೇಲೆ ಹತ್ತರಿಂದ ಒಂದು ಗಂಟೆಯವರೆಗೆ ಟೈಪಿಂಗ್. ಐದು ತಿಂಗಳು ಮಾಡಿದೆ. ತಿಂಗಳಿಗೆ ಸಂಬಳದ ನೂರಕ್ಕೆ ಆರರಷ್ಟು ಬರುತ್ತಿತ್ತು, ಅಂದರೆ ಒಟ್ಟು 30. ಆರನೆಯ ತಿಂಗಳು ಜ್ವರ ಹಿಡಿದು ಮಲಗಿದೆ. ರಜೆಗಳೆಲ್ಲ ಆಗಲೇ ಮಕ್ಕಳ ಕಾಯಿಲೆಗೆ ಖರ್ಚಾಗಿದ್ದವು. ಒಂಬತ್ತು ದಿನದ ಸಂಬಳ ಕಡಿತವಾಯಿತು. ಮೂವತ್ತು ದಿನದಲ್ಲಿ ಒಂಬತ್ತು ಎಂದರೆ ನೂರಕ್ಕೆ ಮೂವತ್ತು. ಬಂದಷ್ಟೂ ಹೋಯಿತು, ಔಷಧದ ಚೀಟಿ ಬೇರೆ. ಗುಡ್ಡ ಅಗೆದು ಇಲಿ ಹಿಡಿದವರಿಗೆ ಇಲಿಯಾದರೂ ಸಿಕ್ಕಿತ್ತು.

ಹಾಸಿಗೆಯಲ್ಲಿ ಬಿದ್ದಿದ್ದಾಗಲೇ ಹಳೆಯ ಖರ್ಚಿನ ಪುಸ್ತಕ ತಿರುವಿ ಹಾಕಿದೆ. ಮೊಬೈಲಿನಲ್ಲಿ ಆ್ಯಪ್ ಕೂಡ ಇತ್ತು, ಬಣ್ಣಬಣ್ಣದ ಚಕ್ರ ತೋರಿಸುತ್ತಿತ್ತು. ಆಹಾರ, ಸಾರಿಗೆ, ಶಿಕ್ಷಣ, ಇತರೆ. ಎಷ್ಟು ಸಲ ನೋಡಿದರೂ ಆ 'ಇತರೆ' ಏನೆಂದು ತಿಳಿಯುತ್ತಿರಲಿಲ್ಲ. ಆಗ ಅನಿಸಿತು, ಯಾವುದಕ್ಕೆ ಕೊಟ್ಟೆ ಎಂದು ಬರೆಯುವುದು ಬಿಟ್ಟು ಯಾವಾಗ ಕೊಟ್ಟೆ ಎಂದು ಬರೆದರೆ? ಮಗಳ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ ಎರಡೇ ಕಾಲಂ ಎಳೆದೆ. ಒಂದರಲ್ಲಿ ಮೊತ್ತ, ಇನ್ನೊಂದರಲ್ಲಿ ವಾರ ಮತ್ತು ಗಂಟೆ. ವಸ್ತುವಿನ ಹೆಸರು ಬೇಡವೇ ಬೇಡ. ಹೆಸರು ಬರೆದರೆ ಮನಸ್ಸು ತಕ್ಷಣ ವಾದ ಶುರು ಮಾಡುತ್ತದೆ, 'ಇದು ಬೇಕೇ ಬೇಕಿತ್ತು' ಎಂದು. ಗಂಟೆಯ ಜೊತೆ ವಾದ ಮಾಡಲು ಬರುವುದಿಲ್ಲ.

ಆರು ವಾರ ಬರೆದೆ. ಇನ್ನೂರ ಚಿಲ್ಲರೆ ಸಾಲುಗಳಾದವು. ಒಂದು ಭಾನುವಾರ ಮಗಳ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಬೆಳಗ್ಗೆಗೆ ಹಳದಿ, ಮಧ್ಯಾಹ್ನಕ್ಕೆ ಹಸಿರು, ಸಂಜೆಗೆ ಕೆಂಪು ಬಳಿಯುತ್ತಾ ಹೋದೆ. ಸೋಮವಾರ, ಮಂಗಳವಾರ ಹಳದಿ ಹಸಿರು ಇತ್ತು. ಬುಧವಾರದಿಂದ ಶುಕ್ರವಾರದವರೆಗೆ ಪುಟವೇ ರಕ್ತ ಮೆತ್ತಿದಂತಾಯಿತು. ಬಾಡಿಗೆ, ಶುಲ್ಕ, ಕಂತುಗಳಂತಹ ಕಟ್ಟಲೇಬೇಕಾದ ಖರ್ಚು ಬಿಟ್ಟರೆ ಉಳಿದದ್ದರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಹೋಗುತ್ತಿದ್ದುದು ಸಂಜೆ ಆರರಿಂದ ಎಂಟೂವರೆಯೊಳಗೆ. ನಾನು ಯಾವಾಗಲೂ ಬೈದುಕೊಳ್ಳುತ್ತಿದ್ದ ಭಾನುವಾರದ ದೊಡ್ಡ ಖರೀದಿ ಪಾಪ, ನಿರಪರಾಧಿ.

ಆ ಎರಡೂವರೆ ಗಂಟೆಯಲ್ಲಿ ಏನಾಗುತ್ತಿತ್ತು? ಬಸ್ಸು ತಡ. ಡೇ ಕೇರ್‌ನಲ್ಲಿ ಆರೂವರೆ ದಾಟಿದರೆ ಕಾಲು ಗಂಟೆಗೆ ಇಷ್ಟು ಎಂದು ದಂಡ. ದಂಡ ತಪ್ಪಿಸಲು ಬಾಡಿಗೆ ಗಾಡಿ. ಗಾಡಿಯ ಹಣ ಉಳಿದ ದಿನ ದಂಡ, ದಂಡ ಉಳಿದ ದಿನ ಗಾಡಿ. ಮಕ್ಕಳು ಹಸಿದು ಅಳುವಾಗ ದಾರಿಯಲ್ಲೇ ಏನಾದರೊಂದು. ಮನೆಗೆ ಬಂದಾಗ ಒಲೆ ಹಚ್ಚುವ ತ್ರಾಣವಿಲ್ಲದೆ ಹೊರಗಿನಿಂದ ತರಿಸಿದ ಊಟ. ಜೊತೆಗೆ ಮನೆಯಲ್ಲಿ ಬಾಡಿ ಕೊಳೆಯುತ್ತಿರುವ ತರಕಾರಿ, ಅದಕ್ಕೂ ದುಡ್ಡು ಕೊಟ್ಟಿದ್ದೆ. ನನಗೆ ಹಣದ ಕೊರತೆ ಇದ್ದದ್ದು ನಿಜ, ಆದರೆ ಅದು ಸೋರುತ್ತಿದ್ದ ತೂತು ದಣಿವಿನದು.

ಇಲ್ಲಿಂದಾಚೆಗೆ ನನ್ನ ಹುಚ್ಚು ಲೆಕ್ಕ. ಕಚೇರಿಗೆ, ಡೇ ಕೇರ್‌ಗೆ ಹತ್ತಿರದಲ್ಲಿ ಒಂದು ಚಿಕ್ಕ ಮನೆ ಇತ್ತು, ಒಂದು ಕೋಣೆ ಕಡಿಮೆ. ಬಾಡಿಗೆ 28ರ ಬದಲು 33. ಅಕ್ಕ ಸಿಟ್ಟಾದದ್ದು ಇದಕ್ಕೇ, "ಕೋಣೆ ಕಡಿಮೆ, ಬಾಡಿಗೆ ಜಾಸ್ತಿ, ನಿನಗೆ ತಲೆ ನೆಟ್ಟಗಿದೆಯೇನೇ?" ಹೋಗಿಬರುವ ಸಮಯದಲ್ಲಿ ಮಾತ್ರ ದಿನಕ್ಕೆ 80 ನಿಮಿಷ ಉಳಿಯುತ್ತಿತ್ತು. ತಿಂಗಳಿಗೆ 22 ಕೆಲಸದ ದಿನ ಎಂದರೆ 29 ಗಂಟೆ. ಐದನ್ನು ಕೊಟ್ಟು 29 ಗಂಟೆ ಕೊಂಡುಕೊಳ್ಳುತ್ತಿದ್ದೇನೆ, ಅದೂ ಸೋರುವ ಹೊತ್ತಿನ ಗಂಟೆ. ಕಚೇರಿಯಲ್ಲಿ ಅರ್ಧ ಗಂಟೆ ಮೊದಲು ಬಂದು ಅರ್ಧ ಗಂಟೆ ಮೊದಲು ಹೊರಡಲು ಅನುಮತಿಯನ್ನೂ ಕೇಳಿದೆ. ಬಾಯಿಯಲ್ಲಿ ಕೇಳಿದಾಗ 'ನೋಡೋಣ' ಎಂದರು. ಒಂದು ತಿಂಗಳು ಪ್ರಯೋಗಕ್ಕೆ ಎಂದು ಬರವಣಿಗೆಯಲ್ಲಿ ಕೊಟ್ಟಾಗ ಒಪ್ಪಿದರು. ಆ ತಿಂಗಳು ಇನ್ನೂ ಮುಗಿದಿಲ್ಲ.

ಮೊದಲ ಎರಡು ತಿಂಗಳು ಅಕ್ಕನೇ ಸರಿ ಎನಿಸಿತು. ಹಳೆಯ ಮನೆಯ ಮುಂಗಡ ಸುಲಭವಾಗಿ ಕೈಗೆ ಬರಲಿಲ್ಲ, ಸಾಮಾನು ಸಾಗಿಸಿದ ಖರ್ಚು ಎಣಿಸಿದ್ದಕ್ಕಿಂತ ಒಂದೂವರೆ ಪಟ್ಟಾಯಿತು, ಕಪಾಟು ಬಾಗಿಲಲ್ಲಿ ಹಿಡಿಸದೆ ಅರ್ಧ ಬೆಲೆಗೆ ಮಾರಿದೆ. ಮೂರನೆಯ ತಿಂಗಳಿನಿಂದ ಅಂಕಿಗಳು ಕದಲಿದವು. ಓಡಾಟ 7ರಿಂದ 2ಕ್ಕೆ, ಹೆಚ್ಚಿನ ಬಾಡಿಗೆ ಅಲ್ಲಿಗೆ ಸರಿಹೋಯಿತು. 'ಇತರೆ' 10ರಿಂದ 4ಕ್ಕೆ. ಅಡುಗೆಮನೆ 22ರಿಂದ 20. ಒಟ್ಟು 99. ನೂರಕ್ಕೆ ಒಂದು ಉಳಿಯಿತು. ನಗಬೇಡಿ. 107ರಿಂದ ಇಳಿದವಳಿಗೆ 99 ಎಂದರೆ ಬೆಟ್ಟ ಇಳಿದಂತೆ. ಕಾರ್ಡಿನ ಬಾಕಿಯನ್ನು ಬ್ಯಾಂಕಿನ ಸಾಮಾನ್ಯ ಸಾಲಕ್ಕೆ ವರ್ಗಾಯಿಸಿ ಹದಿನಾಲ್ಕೋ ಹದಿನೈದೋ ತಿಂಗಳಲ್ಲಿ ತೀರಿಸಿದೆ. ಈಗ ಕಂತು 13 ಇದ್ದದ್ದು 5ಕ್ಕೆ ಬಂದಿದೆ. ನಡುವೆ ಒಬ್ಬರು 'ಫ್ಲ್ಯಾಟ್ ಶೇಕಡಾ 12' ಬಡ್ಡಿಯ ಸಾಲ ಕೊಡಲು ಬಂದಿದ್ದರು. ಅಸಲು ಪ್ರತಿ ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಅಸಲಿನ ಮೇಲೆ ಬೀಳುವ ಸಾಲ ಅದು. ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ ತಂದರೆ 21ರ ಮೇಲಾಗುತ್ತದೆ. ನೀರು ಕೊಟ್ಟು ಕಳುಹಿಸಿದೆ.

ಬುಧವಾರಕ್ಕೆ ಬೇರೆಯೇ ಮದ್ದು ಬೇಕಾಯಿತು. ಭಾನುವಾರ ಹೆಚ್ಚಿ, ಅರೆದು, ತುಂಬಿಟ್ಟದ್ದೆಲ್ಲ ಮಂಗಳವಾರ ರಾತ್ರಿಗೆ ಖಾಲಿ, ಅದಕ್ಕೇ ಬುಧವಾರ ಕೆಂಪಾಗುತ್ತಿತ್ತು. ಈಗ ವಾರಕ್ಕೆ ಎರಡು ತಯಾರಿ. ಭಾನುವಾರ ಒಂದು ಗಂಟೆ, ಬುಧವಾರ ಸಂಜೆ ಮನೆಗೆ ಬಂದ ಕೂಡಲೇ, ಚೀಲ ಕೆಳಗಿಡುವ ಮೊದಲೇ, ನಲವತ್ತು ನಿಮಿಷ. ಚೀಲ ಕೆಳಗಿಟ್ಟರೆ ಕುಳಿತುಬಿಡುತ್ತೇನೆ ಎಂದು ನನಗೆ ಗೊತ್ತು. ಮೊದಮೊದಲು ಹೆಗಲಿಗೆ ಚೀಲ ಹಾಕಿಕೊಂಡೇ ಒಲೆ ಹಚ್ಚುತ್ತಿದ್ದೆ. ಮಗ ಅದನ್ನು ಶಾಲೆಯಲ್ಲಿ ಚಿತ್ರವಾಗಿ ಬರೆದಿದ್ದಾನೆ.

ತಿಂಗಳನ್ನು ನಾಲ್ಕು ವಾರ ಎಂದು ಹಂಚುವವರಿಗೆ ಒಂದು ಮಾತು. ವರ್ಷಕ್ಕೆ 52 ವಾರ, ನಿಮ್ಮ ಲೆಕ್ಕದಲ್ಲಿ 48. ಉಳಿದ ನಾಲ್ಕು ವಾರ ಯಾರಪ್ಪನ ಮನೆಯ ಹಣದಲ್ಲಿ ನಡೆಯುತ್ತವೆ? ನಾನು ವರ್ಷದ ಮೊತ್ತವನ್ನು 52ರಿಂದ ಭಾಗಿಸಿ ಲಕೋಟೆಗೆ ಹಾಕುತ್ತೇನೆ. ಸಂಬಳ ತಡವಾದ ತಿಂಗಳು ನನ್ನ ಮನೆಯಲ್ಲಿ ಗಾಬರಿಯಾಗಲಿಲ್ಲ.

ಬೇರೆ ಸಣ್ಣಪುಟ್ಟ ಪ್ರಯೋಗಗಳೂ ಸಾಕಷ್ಟು ನಡೆದವು. ನಮ್ಮ ವಿದ್ಯುತ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ 3200 ಮಿಣುಕು ಎಂದು ಬರೆದಿದೆ. ಒಂದು ರಾತ್ರಿ ಮನೆಯ ದೀಪ, ಫ್ಯಾನು, ಫ್ರಿಜ್ ಎಲ್ಲವನ್ನೂ ಆರಿಸಿ ನಾನೂ ಮಗಳೂ ಟಾರ್ಚ್ ಹಿಡಿದು ಮೀಟರಿನ ಮುಂದೆ ಕುಳಿತೆವು. ಏನೂ ಓಡುತ್ತಿಲ್ಲ, ಆದರೂ 45 ಸೆಕೆಂಡಿಗೊಮ್ಮೆ ಮಿಣುಕು. ಗಂಟೆಗೆ 80. ಅಂದರೆ 25 ವ್ಯಾಟ್ ಹಗಲೂ ರಾತ್ರಿ ಎಲ್ಲೋ ಕರಗುತ್ತಿದೆ, ತಿಂಗಳಿಗೆ 18 ಯೂನಿಟ್. ಒಂದೊಂದೇ ಪ್ಲಗ್ ಕಿತ್ತು ನೋಡಿದಾಗ ಟಿವಿಯ ಪೆಟ್ಟಿಗೆ ಮತ್ತು ಒಂದು ಹಳೆಯ ಸ್ಪೀಕರ್ ಸಿಕ್ಕಿಬಿದ್ದವು. ನಿಜ ಹೇಳಬೇಕೆಂದರೆ ಉಳಿದದ್ದು ಒಂದು ಸಂಜೆಯ ಗಾಡಿ ಬಾಡಿಗೆಯಷ್ಟೂ ಇಲ್ಲ. ಮಗಳು ಮಾತ್ರ ಅಂದಿನಿಂದ ಮನೆಯ ಮೀಟರ್ ಇನ್‌ಸ್ಪೆಕ್ಟರ್. ಸೋಪಿನ ಬಿಲ್ಲೆ 100 ಗ್ರಾಂ ಇದ್ದದ್ದು ಅದೇ ಬೆಲೆಗೆ 90 ಆದದ್ದನ್ನು ಕಂಡುಹಿಡಿದವಳೂ ಅವಳೇ. ನಾನು "ಹತ್ತು ಪರ್ಸೆಂಟ್ ಏರಿತು" ಎಂದೆ. "ಅಲ್ಲಮ್ಮ, ಹನ್ನೊಂದು" ಎಂದಳು. ಹತ್ತು ಗ್ರಾಂ ಕಳೆದುಕೊಂಡದ್ದು ನೂರರಲ್ಲಿ, ಅದನ್ನು ಮತ್ತೆ ತುಂಬಿಸಬೇಕಾದದ್ದು ತೊಂಬತ್ತರ ಮೇಲೆ.

ಮನೆಯ ಮಾಲೀಕರು ಎರಡು ವರ್ಷ ಬಾಡಿಗೆ ಏರಿಸದಂತೆ ಹೇಗೆ ಒಪ್ಪಿಸಿದೆ ಎಂದು ಬಹಳ ಜನ ಕೇಳಿದ್ದಾರೆ. ಅದನ್ನು ಮಾತ್ರ ಬರೆಯುವುದಿಲ್ಲ. ಅವರೂ ಓದುವ ಅಭ್ಯಾಸದವರು, ಬರುವ ತಿಂಗಳು ಮತ್ತೆ ಮಾತುಕತೆ ಇದೆ. ಶೂಗಳಿಗೆಂದು ಇಡುವ ಹಣವನ್ನು ನನ್ನಿಂದಲೇ ಎಲ್ಲಿ ಬಚ್ಚಿಡುತ್ತೇನೆ ಎಂಬುದನ್ನೂ ಕೇಳಬೇಡಿ.

ಈ ಪದ್ಧತಿ ಎಲ್ಲರಿಗೂ ಒಪ್ಪುತ್ತದೆ ಎನ್ನಲಾರೆ. ನನ್ನ ಗೆಳತಿಯೊಬ್ಬಳು ಪಾಳಿ ಕೆಲಸದವಳು. ಅವಳ ಪುಟದಲ್ಲಿ ಕೆಂಪು ಬಂದದ್ದು ಬೆಳಗಿನ ಏಳಕ್ಕೆ, ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ. ಅವಳು ಮನೆ ಬದಲಿಸಲಿಲ್ಲ, ಪಕ್ಕದ ಮನೆಯವರ ಜೊತೆ ಒಪ್ಪಂದ ಮಾಡಿಕೊಂಡಳು. ಬೆಳಗ್ಗೆ ಅವರು ಇವಳ ಮಗುವನ್ನು ಶಾಲೆಗೆ ಬಿಡುತ್ತಾರೆ, ಸಂಜೆ ಇವಳು ಅವರ ಮಗುವಿಗೆ ಪಾಠ ಹೇಳುತ್ತಾಳೆ.

ನನ್ನ ಪುಟದಲ್ಲೂ ಈಗ ಹೊಸ ಕೆಂಪು ಕಾಣಿಸಿಕೊಂಡಿದೆ, ರಾತ್ರಿ ಹತ್ತೂವರೆಗೆ. ಮಕ್ಕಳು ಮಲಗಿರುತ್ತಾರೆ, ಮನೆ ನಿಶ್ಶಬ್ದ, ಕೈಯಲ್ಲಿ ಮೊಬೈಲು. ಬೇಡದ್ದೊಂದು ಬುಟ್ಟಿಗೆ ಬೀಳುತ್ತದೆ, ಮೂರನೆಯ ದಿನ ಬಾಗಿಲಿಗೆ ಬರುತ್ತದೆ. ಇದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ಸದ್ಯಕ್ಕೆ ಹತ್ತು ಗಂಟೆಗೆ ಮೊಬೈಲನ್ನು ಮಗಳ ಶಾಲೆಯ ಚೀಲದೊಳಗೆ ಇಟ್ಟು ಜಿಪ್ ಎಳೆಯುತ್ತೇನೆ. ಕಳೆದ ಗುರುವಾರ ಅದು ಅವಳ ಜೊತೆ ಶಾಲೆಗೂ ಹೋಗಿ ಬಂತು. ಆ ದಿನದ ಪುಟ ಪೂರ್ತಿ ಖಾಲಿ.