ಯಾರು ಮೊದಲು ‘ನೀನು’ ಎನ್ನಬೇಕು?

ಸ್ವಭಾವದಲ್ಲಿ ತದ್ವಿರುದ್ಧರಾದ ಇಬ್ಬರು ಹೆಂಗಸರ ಪ್ರೇಮವನ್ನು ಕಾದಂಬರಿಯಾಗಿಸಲು ನಾನು ಕುಳಿತದ್ದು 2019ರ ಬೇಸಿಗೆಯಲ್ಲಿ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ. ಒಬ್ಬಳು ಶಿವಮೊಗ್ಗದ ಲೆಕ್ಕಪರಿಶೋಧಕಿ, ದಿನಸಿ ಅಂಗಡಿಯ ಚೀಟಿಯನ್ನೂ ಫೈಲಿಗೆ ಸೇರಿಸುವವಳು. ಇನ್ನೊಬ್ಬಳು ನಾಟಕ ತಂಡಗಳಿಗೆ ಬೆಳಕಿನ ವಿನ್ಯಾಸ ಮಾಡುವವಳು, ನಾಳೆ ಯಾವ ಊರಿನಲ್ಲಿರುತ್ತಾಳೆಂಬುದು ಅವಳಿಗೇ ತಿಳಿಯದು.

ಮೊದಲ ಕರಡನ್ನು ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದಳು: ಇವರಲ್ಲಿ ಒಬ್ಬಳಿಗೆ ಗಂಡಸಿನ ಹೆಸರಿಟ್ಟರೆ ಕಥೆಯಲ್ಲಿ ಏನು ಕೆಡುತ್ತದೆ? ಏನೂ ಕೆಡುತ್ತಿರಲಿಲ್ಲ. ಬೆಳಕಿನವಳಿಗೆ ಬೈಕು, ಸಿಗರೇಟು, ಧೈರ್ಯವನ್ನೂ ಲೆಕ್ಕದವಳಿಗೆ ಅಡುಗೆಮನೆ, ಅಳು, ಕಾಯುವ ಕೆಲಸವನ್ನೂ ಹಂಚಿ, ಹಳೆಯ ಗಂಡಹೆಂಡಿರ ಜೋಡಿಗೇ ಬೇರೆ ಬಟ್ಟೆ ತೊಡಿಸಿದ್ದೆ. ಎರಡನೆಯ ಕರಡಿನಲ್ಲಿ ಬೈಕನ್ನು ಲೆಕ್ಕದವಳಿಗೆ ಕೊಟ್ಟೆ. ಪೆಟ್ರೋಲು ಹಾಕಿಸಿದ ಪ್ರತಿ ಸಲವೂ ಅವಳು ಕಿಲೋಮೀಟರು ಬರೆದಿಡುತ್ತಾಳೆ. ಅಡುಗೆ ಬೆಳಕಿನವಳ ಪಾಲಾಯಿತು. ಅವಳದು ಕೈಯಳತೆಯ ಉಪ್ಪು.

ಈ ಬಗೆಯ ಕಾದಂಬರಿಗಳ ಸೆಳೆತ ನನಗೆ ಅರ್ಥವಾದದ್ದು ಆಗಲೇ. ಯಾರು ದುಡಿಯಬೇಕು, ಯಾರು ತಗ್ಗಬೇಕು ಎಂಬುದನ್ನು ಊರೇ ಮೊದಲು ತೀರ್ಮಾನಿಸಿಟ್ಟಿರದ ಕಾರಣ, ಇಲ್ಲಿ ಇಬ್ಬರ ನಡುವಿನ ಪ್ರತಿಯೊಂದು ವ್ಯತ್ಯಾಸವೂ ಆ ಇಬ್ಬರದೇ ಆಗಿರಬೇಕಾಗುತ್ತದೆ.

ಕನ್ನಡದಲ್ಲಿ ಇದು ಸರ್ವನಾಮದಲ್ಲೇ ಶುರುವಾಗುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಡತಿ ಗಂಡನನ್ನು ‘ರೀ’ ಎಂದು ಕರೆದು ‘ನೀವು’ ಎನ್ನುತ್ತಾಳೆ, ಗಂಡ ‘ನೀನು’ ಎನ್ನುತ್ತಾನೆ. ಅದನ್ನು ಯಾರೂ ಯೋಚಿಸಿ ನಿರ್ಧರಿಸುವುದಿಲ್ಲ. ನನ್ನ ಇಬ್ಬರಿಗೆ ಅಂಥ ಸಿದ್ಧ ದಾರಿ ಇರಲಿಲ್ಲ. ಬೆಳಕಿನವಳು ಎರಡನೆಯ ಭೇಟಿಯಲ್ಲೇ ‘ಬಾರೇ’ ಎಂದುಬಿಡುತ್ತಾಳೆ, ಲೆಕ್ಕದವಳು ನೂರನಲವತ್ತು ಪುಟಗಳವರೆಗೆ ‘ನೀವು’ ಬಿಡುವುದಿಲ್ಲ. ರಂಗದ ಹಿಂದೆ ಸಿಪ್ಪೆ ಸುಲಿದ ವಯರನ್ನು ಬರಿಗೈಯಲ್ಲಿ ಹಿಡಿಯಹೊರಟವಳನ್ನು ಕಂಡು ‘ನಿನಗೇನು ತಲೆ ಕೆಟ್ಟಿದೆಯಾ’ ಎಂದು ಲೆಕ್ಕದವಳು ಕಿರುಚಿದಾಗ ಇಬ್ಬರೂ ಸ್ತಬ್ಧರಾಗುತ್ತಾರೆ. ಮೊದಲ ಮುತ್ತಿನ ದೃಶ್ಯಕ್ಕಿಂತ ಈ ಒಂದು ಸಾಲಿಗೆ ನಾನು ಹೆಚ್ಚು ಬೆವರಿದ್ದೇನೆ. ಮುಂದೆ ಜಗಳವಾದಾಗ ಅವಳು ಮತ್ತೆ ‘ನೀವು’ ಎಂದರೆ ಸಾಕು, ಬಾಗಿಲು ಬಡಿಯುವ ಅಗತ್ಯವೇ ಬರುವುದಿಲ್ಲ.

ಒಂದು ತಪ್ಪನ್ನು ತಡವಾಗಿ ಕಂಡುಕೊಂಡೆ. ಒಬ್ಬಳು ಮನೆಯವರಿಗೆ ಎಲ್ಲವನ್ನೂ ಹೇಳಿದ್ದಾಳೆ, ಇನ್ನೊಬ್ಬಳು ಮುಚ್ಚಿಟ್ಟಿದ್ದಾಳೆ ಎಂಬುದನ್ನೂ ಸ್ವಭಾವಭೇದದ ಪಟ್ಟಿಗೆ ಸೇರಿಸಿದ್ದೆ. ಮುಚ್ಚಿಡುವುದು ಅಂಜುಬುರುಕತನವಲ್ಲ, ಬಾಡಿಗೆ ಮನೆ, ಅಪ್ಪನ ಆರೋಗ್ಯ, ಕಚೇರಿಯ ಮಾತುಗಳನ್ನು ತೂಗಿ ಮಾಡಿದ ಲೆಕ್ಕ. ಹಾಗಾಗಿ ಮುಚ್ಚಿಟ್ಟವಳನ್ನು ಪ್ರೇಮ ‘ತಿದ್ದುವ’ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಿದೆ.

ಕೊನೆ ಮಾತ್ರ ಸುಖದ್ದೇ ಆಗಬೇಕೆಂದು ಹಟ ಹಿಡಿದೆ. ಮಧ್ಯಮವರ್ಗದ ಯುವಕನೊಬ್ಬ ಬೇಟೆಕಾಡು ಕಾಯುವ ಆಳನ್ನು ಪ್ರೀತಿಸುವ ‘ಮಾರಿಸ್’ ಕಾದಂಬರಿಗೆ ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ ಅಂಥ ಕೊನೆಯನ್ನೇ ಬಯಸಿದ್ದರು; 1914ರ ಹೊತ್ತಿಗೆ ಬರೆದದ್ದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಆದರೆ ನನ್ನವರಿಗೆ ಮಂಟಪ ಕಟ್ಟುವಂತಿರಲಿಲ್ಲ, ಏಕೆಂದರೆ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಮದುವೆಯ ಬದಲು ಅವರಿಗೆ ಇಬ್ಬರ ಹೆಸರೂ ಇರುವ ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ಕೊಟ್ಟೆ. ಅದು ಮುಗಿಯುವ ದಿನಾಂಕವನ್ನು ಒಬ್ಬಳು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕುತ್ತಾಳೆ, ಇನ್ನೊಬ್ಬಳು ಆ ಕರಾರಿನ ಹಾಳೆಯ ಮೇಲೆಯೇ ಕಾಫಿ ಲೋಟ ಇಡುತ್ತಾಳೆ.